ದಿಂಬಿನ ಕೆಳಗಿನ ಕೆಂಪು ಗುಳಿಗೆ

ಹಾವೇರಿ
8 ಜುಲೈ 2024

ಮಮತೂ,

ನೀನು ಚಿಕ್ಕಮ್ಮ ಆಗುತ್ತಿದ್ದೀಯ ಕಣೇ!

ಮೊದಲು ಕುಶಲ ಕೇಳಿ, ಆಮೇಲೆ ನಿಧಾನವಾಗಿ ವಿಷಯಕ್ಕೆ ಬರಬೇಕೆಂದು ನಿನ್ನೆಯೇ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಆಗಲಿಲ್ಲ. ಇವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ಖಚಿತ ಮಾಡಿದರು. ಇವರು ಅಂಚೆ ಕಚೇರಿಯ ಕೌಂಟರ್ ಬಿಟ್ಟು ಹತ್ತು ನಿಮಿಷಕ್ಕೆಂದು ಬಂದವರು ಒಂದು ಗಂಟೆ ಕೂತರು. ನಗುತ್ತಲೇ ಕೂತರು. ನೀನು ನಗಬೇಡ, ಹೌದು, ಪ್ರಭು ಈಗ "ಇವರು" ಆಗಿದ್ದಾರೆ. ಐದು ತಿಂಗಳ ಹಿಂದೆ ಮದುವೆ ಮಂಟಪದಲ್ಲಿ ಹೆಸರು ಹೇಳಿ ಕರೆದು ಹೊಳಲ್ಕೆರೆಯ ನಮ್ಮತ್ತೆಯ ಕೈಲಿ ಬೈಸಿಕೊಂಡವಳು ನಾನೇನಾ ಅನ್ನಿಸುತ್ತದೆ.

ಇದನ್ನು ನಿನಗೆ ಫೋನಿನಲ್ಲಿ ಕಿರುಚಿ ಹೇಳಬೇಕಿತ್ತು. ಆದರೆ ನಿನ್ನ ಫೋನು ಊರಲ್ಲಿ ಅಪ್ಪನ ಟ್ರಂಕಿನೊಳಗೆ, ಉಣ್ಣೆ ಕತ್ತರಿಗಳ ಜೊತೆ ಮಲಗಿದೆ! ಎರಡು ಇಂಟರ್ನಲ್ ಟೆಸ್ಟಿನಲ್ಲಿ ಮಾರ್ಕ್ಸ್ ಕಡಿಮೆ ಬಿದ್ದಿದ್ದಕ್ಕೆ ಇಷ್ಟು ಶಿಕ್ಷೆಯಾ? ಹಾಸ್ಟೆಲ್ ವಾರ್ಡನ್ ಫೋನಿಗೆ ಭಾನುವಾರ ಮಾಡಿದರೆ ಹಿಂದೆ ಹದಿನೆಂಟು ಹುಡುಗಿಯರು ಕಿವಿ ನೆಟ್ಟು ನಿಂತಿರುತ್ತಾರೆ. ಅದಕ್ಕೇ ಇವರು ಇನ್‌ಲ್ಯಾಂಡ್ ಲೆಟರ್‌ಗಳ ಒಂದು ಕಟ್ಟು ತಂದುಕೊಟ್ಟಿದ್ದಾರೆ. ಕಾನ್ವೆಂಟಿನಲ್ಲಿ "ಡಿಯರ್ ಸಿಸ್ಟರ್" ಎಂದು ಪತ್ರ ಬರೆಯಲು ಕಲಿತವರು ನಾವು, ಈಗ ನಿಜವಾದ ಪತ್ರ ಬರೆಯೋಣ. ಆದರೂ ಕೇಳುತ್ತೇನೆ, ಫೋನ್ ಹೋದ ಮೇಲಾದರೂ ಮಾರ್ಕ್ಸ್ ಬಂತಾ?

ನನ್ನ ಮದುವೆಯ ಫೋಟೋಗಳು ಬಂದವು. ಒಂದರಲ್ಲಿ ನೀನು ವೇದಿಕೆಯ ಹಿಂದೆ ಹೂವಿನ ಬುಟ್ಟಿಗೆ ಒರಗಿ ಕೂತಲ್ಲೇ ನಿದ್ದೆ ಹೋಗಿದ್ದೀಯ. "ಇಬ್ಬರಲ್ಲಿ ರಾತ್ರಿಯೆಲ್ಲ ಎದ್ದಿದ್ದ ಮದುಮಗಳು ಯಾರು?" ಎಂದು ಇವರು ನಗುತ್ತಾರೆ.

ಒಂದು ಗುಟ್ಟು. ಸಂಜೆ ಅಂಗಳಕ್ಕೆ ನೀರು ಚಿಮುಕಿಸಿದಾಗ ಬರುವ ಮಣ್ಣಿನ ವಾಸನೆಗೆ ಬಾಯಲ್ಲಿ ನೀರೂರುತ್ತದೆ. ನಿನ್ನೆ ಗೋಡೆಯ ಮೂಲೆಗೆ ನಾಲಿಗೆ ತಾಗಿಸಿಬಿಟ್ಟೆ! ಯಾರಿಗೂ ಹೇಳಬೇಡ.

ಕ್ವಾರ್ಟರ್ಸಿನಲ್ಲಿ ಎರಡು ಕೋಣೆ. ಕಿಟಕಿ ಇರುವುದು ನಿನ್ನದು. ರಜೆಗೆ ಬಾ.

ಸುಪ್ರಿಯಾ


ಚಿತ್ರದುರ್ಗ
14 ಜುಲೈ 2024

ಅಕ್ಕ,

ಪತ್ರ ಓದಿ ಮೆಟ್ಟಿಲ ಮೇಲೆ ಕೂತು ಅತ್ತೆ. ಖುಷಿಗೆ. ನನ್ನ ರೂಮಿನ ಚೈತ್ರಾ ಗಾಬರಿಯಾಗಿ ಓಡಿ ಬಂದು, ಪತ್ರ ಕಿತ್ತುಕೊಂಡು ಓದಿ, "ಅಯ್ಯೋ ಇಷ್ಟಕ್ಕಾ, ನಾನು ಯಾರೋ ಹೋದ್ರು ಅಂದ್ಕಂಡೆ" ಎಂದು ಬೈದಳು. ಭಾವನಿಗೆ ನನ್ನ ಕಡೆಯಿಂದ ಒಂದು ಕಿಲೋ ಪೇಡೆ ಬಾಕಿ.

ನಾನು ಚೆನ್ನಾಗಿದ್ದೇನೆ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಮುದ್ದೆ ಬಸ್ಸಾರು, ರಾತ್ರಿ ಅನ್ನ ಮಜ್ಜಿಗೆ. ಎಲ್ಲ ತಿನ್ನುತ್ತೇನೆ. ಕ್ಲಾಸಿಗೆ ಹೋಗುತ್ತೇನೆ. ಎರಡು ದಿನ ತಪ್ಪಿತು, ತಿಮ್ಮೇಶ್ ನೋಟ್ಸ್ ಕೊಟ್ಟ. ಅವನು ನಮ್ಮ ಕ್ಲಾಸಿನವನೇ. ಚೆನ್ನಾಗಿದ್ದೇನೆ.

ನೀನು ಗೋಡೆ ನೆಕ್ಕಿದ್ದು ಕೇಳಿ ನಕ್ಕೂ ನಕ್ಕೂ ಸಾಕಾಯಿತು. ನನಗೆ ಹಸಿ ಅಕ್ಕಿಯ ಚಪಲ. ಅಡುಗೆಮನೆಯಿಂದ ಹಿಡಿ ತಂದು ದುಪ್ಪಟ್ಟದ ತುದಿಗೆ ಕಟ್ಟಿಕೊಂಡಿರುತ್ತೇನೆ. ಲೈಬ್ರರಿಯಲ್ಲಿ ಕುಟುಕುಟು ಅನ್ನುವುದು ನಾನೇ.

ಇಲ್ಲಿ ಗಾಳಿ ಜೋರು. ಜೋಗಿಮಟ್ಟಿ ಬೆಟ್ಟದ ಕಡೆಯಿಂದ ಬೀಸಿದರೆ ಕಿಟಕಿ ಬಡಿದುಕೊಳ್ಳುತ್ತದೆ. ನನ್ನ ಕಂಬಳಿ ಮದುವೆಯ ಸಾಮಾನಿನ ಜೊತೆ ನಿನ್ನಲ್ಲಿಗೆ ಬಂದಿರಬೇಕು, ಕಳಿಸಿಕೊಡು. ಬೇರೆಯವರಿಗೆ ಸೆಕೆಯಂತೆ, ನನಗೆ ಮಾತ್ರ ಚಳಿ.

ಎರಡು ಮಾತು. ಚೈತ್ರಾಳ ಫೋನಿಗೆ ಪದೇ ಪದೇ ಮಾಡಬೇಡ, ಅವಳಿಗೆ ಬೇಸರವಾಗುತ್ತದೆ. ಇನ್ನೊಂದು, ನನ್ನ ವಿಷಯ ಅಪ್ಪನ ಹತ್ತಿರ ಏನೂ ಎತ್ತಬೇಡ. ಎಂಎಸ್ಸಿ ಬಿಡಿಸಿ ಊರಿಗೆ ಕರೆದುಕೊಂಡು ಹೋಗಲು ಅವನಿಗೆ ಒಂದು ನೆಪ ಸಾಕು. ಹೋದ ಸಲ ಬಂದಾಗ ಬಸ್ಸು ಹತ್ತುತ್ತಾ ಹೇಳಿದ, "ಇನ್ನೊಂದು ಸಲ ಏನಾರ ಸುದ್ದಿ ಬಂತು ಅಂದ್ರೆ ಹೊಸದುರ್ಗದ ಬಸ್ಸಿಗೆ ನಿನ್ನ ಟ್ರಂಕು ಹಾಕ್ತೀನಿ."

ಹೊರಗೆ ನಿಂಗಕ್ಕ ಅತ್ತೆ ಬಂದಿದ್ದಾಳೆ ಎಂದು ಕೂಗುತ್ತಿದ್ದಾರೆ. ನಿಲ್ಲಿಸುತ್ತೇನೆ.

ಮಮತಾ


ಹಾವೇರಿ
19 ಜುಲೈ 2024

ಮಮತೂ,

ಕಂಬಳಿ ಪಾರ್ಸೆಲ್ ಹೊರಟಿದೆ. ಇವರು ತಾವೇ ಹೊಲಿದು ಅರಗು ಹಾಕಿ ಕಳಿಸಿದರು, ಗಂಡನೆಂದರೆ ಹೀಗಿರಬೇಕು ನೋಡು! ಒಳಗೆ ಕೊಬ್ಬರಿ ಮಿಠಾಯಿ ಇದೆ. ಹಾಸ್ಟೆಲ್ ಪೂರ್ತಿ ಹಂಚಬೇಡ.

ನಾನು ಎರಡೂವರೆ ತಿಂಗಳಂತೆ! ಬೆಳಿಗ್ಗೆ ವಾಂತಿ, ಮಧ್ಯಾಹ್ನ ನಿದ್ದೆ, ಸಂಜೆ ಹಾಡು. ಪಕ್ಕದ ಮನೆಯ ಅಜ್ಜಿ ದಿನಾ ಬಂದು "ಉಂಡಿಯೇನವಾ" ಎಂದು ಕೇಳಿ ಹೋಗುತ್ತಾರೆ.

ಈಗ ಒಂದು ವಿಷಯ ಕೇಳುತ್ತೇನೆ, ಸಿಟ್ಟಾಗಬೇಡ. ನಿನ್ನೆ ನಿಂಗಕ್ಕ ಅತ್ತೆ ಫೋನ್ ಮಾಡಿದ್ದಳು. ಅಪ್ಪನ ಅಕ್ಕ ಚಿತ್ರದುರ್ಗದಲ್ಲೇ ಇರುವುದರಿಂದ ನಿನಗೆ ಭಾನುವಾರಕ್ಕೊಮ್ಮೆ ರೊಟ್ಟಿಯಾದರೂ ಸಿಗುತ್ತದೆ ಎಂದು ನಾನು ಸಂತೋಷಪಟ್ಟಿದ್ದೆ. ಅವಳು ರೊಟ್ಟಿಯ ಮಾತೇ ಎತ್ತಲಿಲ್ಲ.

"ನೋಡವ್ವ ಸುಪ್ರಿಯಾ, ನಾನೇನೂ ಹೇಳಲ್ಲ," ಎಂದು ಶುರು ಮಾಡಿದಳು. ಅತ್ತೆ ಹಾಗೆಂದರೆ ಎಲ್ಲ ಹೇಳುತ್ತಾಳೆ ಎಂದು ಅರ್ಥ. "ಹಾಸಿಗೆ ಕೊಡವಾಣ ಅಂತ ದಿಂಬು ಎತ್ತಿದ್ರೆ ಕೆಳಗೆ ಕೆಂಪು ಗುಳಿಗೆ ಅವೆ. ನನ್ನ ಸೊಸೆ ಬಸುರಿದ್ದಾಗ ಆಶಾ ಕಾರ್ಯಕರ್ತೆ ತಂದು ಕೊಡ್ತಿದ್ಲಲ್ಲ, ಅವೇ. ಏನೇ ಇವು ಅಂದ್ರೆ ಬಾಯಿ ಬಿಡವಲ್ಲಳು. ಮೇಲಾಗಿ ಅಕ್ಕಿ ಮುಕ್ತಾಳೆ. ಮುಖ ನೋಡಿದ್ರೆ ಬಿಳಚಿಕೊಂಡೈತೆ. ನಾನು ಮೂರು ಹೆತ್ತಿದೀನಿ ಕಣವ್ವ, ನನಗೆ ತಿಳಿಯಲ್ವಾ?"

ನಾನು ನಗುತ್ತಲೇ ಫೋನಿಟ್ಟೆ. ಆಮೇಲೆ ಕಪಾಟು ತೆಗೆದು ನನ್ನ ಗುಳಿಗೆ ನೋಡಿದೆ. ಇಲ್ಲಿ ನನಗೂ ಕೆಂಪು ಗುಳಿಗೆಯನ್ನೇ ಕೊಟ್ಟಿದ್ದಾರೆ. ಸ್ಟ್ರಿಪ್ಪನ್ನು ಮುಂದೆ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಅತ್ತೆಯ ಮಾತು ನಾನು ನಂಬುವುದಿಲ್ಲ. ಆದರೆ ನೀನು ಬೇಡವೆಂದರೂ ಚೈತ್ರಾಗೆ ಫೋನ್ ಮಾಡಿದೆ. ಬೆಳಿಗ್ಗೆ ಹನ್ನೊಂದಕ್ಕೆ "ಸ್ನಾನಕ್ಕೆ ಹೋಗಿದಾಳೆ ಅಕ್ಕ" ಎಂದಳು. ಮೂರಕ್ಕೆ ಮಾಡಿದೆ, ಸ್ನಾನ. ಆರಕ್ಕೆ ಮಾಡಿದೆ, ಆಗಲೂ ಸ್ನಾನ! ಚಳಿ ಎಂದು ಕಂಬಳಿ ಕೇಳುವವಳು ದಿನಕ್ಕೆ ಮೂರು ಸಲ ಸ್ನಾನ ಮಾಡುತ್ತಾಳಾ?

ಹೇಳೇ, ಆ ತಿಮ್ಮೇಶ್ ಯಾರು? ಬರೀ ನೋಟ್ಸ್ ಕೊಡುವವನಾ? ನನ್ನ ಹತ್ತಿರ ಹೇಳಿದರೆ ಬೇರೆ ಯಾರಿಗೂ ಹೋಗುವುದಿಲ್ಲ, ಪ್ರಾಮಿಸ್. ನಾನೂ ಈಗಷ್ಟೇ ಮದುವೆಯಾದವಳು, ನನಗೆ ಎಲ್ಲ ಅರ್ಥವಾಗುತ್ತದೆ!

ಸುಪ್ರಿಯಾ


ಚಿತ್ರದುರ್ಗ
26 ಜುಲೈ 2024

ಅಕ್ಕ,

ಕಂಬಳಿ ತಲುಪಿತು. ಮಿಠಾಯಿಗೆ ಥ್ಯಾಂಕ್ಸ್.

ಆ ಗುಳಿಗೆ ಚೈತ್ರಾಳದು. ಕೂದಲು ಉದುರುವುದಕ್ಕೆ ಯಾರೋ ಹೇಳಿದ್ದರಂತೆ. ಈಗ ಅವು ನನ್ನ ದಿಂಬಿನ ಕೆಳಗಿಲ್ಲ. ಇನ್ನೊಮ್ಮೆ ಹಾಸಿಗೆ ಕೊಡವಲು ಬರಬೇಕಾಗಿಲ್ಲ ಎಂದು ಅತ್ತೆಗೆ ಹೇಳು.

ಅತ್ತೆ ಆ ದಿನ ಏನು ಮಾಡಿದಳೆಂದು ಅವಳು ನಿನಗೆ ಹೇಳಿರಲಾರಳು. ಊಟದ ಹಾಲಿನಲ್ಲಿ ಎಲ್ಲರೂ ತಟ್ಟೆ ಹಿಡಿದು ನಿಂತಿದ್ದಾಗ, ರೊಟ್ಟಿ ಗಂಟು ಕೊಡುವ ನೆಪದಲ್ಲಿ ನನ್ನ ಹೊಟ್ಟೆಯ ಮೇಲೆ ಕೈ ಆಡಿಸಿದಳು. ನಾಲ್ಕು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂದಿನಿಂದ ನಾನು ಊಟಕ್ಕೆ ಎಲ್ಲರೂ ಎದ್ದು ಹೋದ ಮೇಲೆ ಹೋಗುತ್ತೇನೆ.

ತಿಮ್ಮೇಶ್ ಬರೀ ನೋಟ್ಸ್ ಕೊಡುವವನು.

ಇವತ್ತು ಬೆಳಿಗ್ಗೆಯಿಂದ ಕ್ಲಾಸಿತ್ತು. ಈಗ ಲೈಬ್ರರಿಯಲ್ಲಿ ಕೂತು ಬರೆಯುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ, ಮೂರು ಹೊತ್ತು ತಿನ್ನುತ್ತಿದ್ದೇನೆ.

ನಾನೂ ಒಂದು ಕೇಳಲಾ? ನನ್ನ ಪತ್ರಗಳನ್ನು ಭಾವ ಓದುತ್ತಾರಾ? ನೀನು, ಅತ್ತೆ, ಹೊಳಲ್ಕೆರೆಯವರು ಎಲ್ಲ ಸೇರಿ ನನ್ನ ವಿಷಯ ಮಾತಾಡುತ್ತೀರಾ? ನಿನ್ನ ಪ್ರತಿ ಸಾಲಿನ ಕೊನೆಗೂ ನಗು ಇದೆ. ಆ ನಗುವಿನ ಹಿಂದೆ ನೀನು ಏನೋ ಎಣಿಸುತ್ತಿದ್ದೀಯ ಅನ್ನಿಸುತ್ತದೆ.

ಮಮತಾ


ಹಾವೇರಿ
31 ಜುಲೈ 2024

ಮಮತಾ,

ನಿನ್ನ ಪತ್ರಗಳನ್ನು ಇವರು ಓದುವುದಿಲ್ಲ. ಆದರೆ ಅಂಚೆ ಕಚೇರಿಯವರು ಮುದ್ರೆ ನೋಡುತ್ತಾರೆ. ಅದು ಅವರ ಕೈಗೆ ಅಂಟಿದ ಚಾಳಿ, ಹಾಲಿನ ಬಿಲ್ಲನ್ನೂ ತಿರುಗಿಸಿ ನೋಡುತ್ತಾರೆ. ನಿನ್ನ ಪತ್ರವನ್ನು ನನ್ನ ಕೈಗೆ ಕೊಡುವಾಗ ಒಂದೇ ಮಾತು ಕೇಳಿದರು, "ಮಮತಾ ಹಿರಿಯೂರಿಗೆ ಯಾಕೆ ಹೋಗಿದ್ದಳು?"

ನೋಡಿದೆ. ಒಳಗೆ ನೀನು "ಚಿತ್ರದುರ್ಗ" ಎಂದು ಬರೆದಿದ್ದೀಯ, "ಲೈಬ್ರರಿಯಲ್ಲಿ ಕೂತು" ಎಂದೂ ಬರೆದಿದ್ದೀಯ. ಹೊರಗೆ ಹಿರಿಯೂರಿನ ಮುದ್ರೆ. ಅದೇ ತಾರೀಖು, ಜುಲೈ 26.

ನಾನು ಸುಮ್ಮನಿರಲಿಲ್ಲ. ವಾರ್ಡನ್‌ಗೆ ಫೋನ್ ಮಾಡಿ ಪಾರ್ಸೆಲ್ ತಲುಪಿತಾ ಎಂದು ಕೇಳುವ ಹಾಗೆ ಕೇಳಿದೆ. "ಶುಕ್ರವಾರ ಊರಿಗೆ ಅಂತ ಔಟ್‌ಪಾಸ್ ತಗಂಡಿದ್ಲಲ್ಲಮ್ಮ," ಎಂದರು. ನಮ್ಮೂರಿನ ದಾರಿಯಲ್ಲಿ ಹಿರಿಯೂರು ಸಿಗುವುದಿಲ್ಲ, ಊರಿಗೆ ನೀನು ಹೋಗಿಲ್ಲ. ಆಮೇಲೆ ಚೈತ್ರಾಗೆ ಮಾಡಿದೆ. ಅವಳು ಬಾಯಿ ತೆರೆಯುವ ಮೊದಲೇ "ಸ್ನಾನ ಅನ್ನಬೇಡ, ತಿಮ್ಮೇಶನ ಊರು ಯಾವುದು ಹೇಳು" ಎಂದೆ. ಅವಳು ತಡಬಡಿಸಿ "ಹಿರಿಯೂರು ಅಕ್ಕ" ಎಂದುಬಿಟ್ಟಳು.

ಗುಳಿಗೆ, ಅಕ್ಕಿ, ಔಟ್‌ಪಾಸು, ಹಿರಿಯೂರು, ತಿಮ್ಮೇಶ್. ಇಷ್ಟನ್ನೂ ಪಕ್ಕಪಕ್ಕ ಇಟ್ಟರೆ ಯಾರಿಗಾದರೂ ಏನು ಕಾಣಿಸುತ್ತದೆ? ಅತ್ತೆ ಹೇಳಿದ್ದನ್ನು ನಾನು ಎರಡು ವಾರ ತಳ್ಳಿಹಾಕಿದೆ. ನೀನು ನನಗೇ ಸುಳ್ಳು ಬರೆದ ಮೇಲೆ ಯಾವುದನ್ನು ಹಿಡಿದುಕೊಂಡು ತಳ್ಳಿಹಾಕಲಿ?

ಎಷ್ಟು ತಿಂಗಳು, ಮಮತಾ? ಇದೊಂದಕ್ಕೆ ನೇರ ಉತ್ತರ ಬರೆ. ಕೆಲವು ವಿಷಯಗಳಿಗೆ ದಿನಗಳ ಲೆಕ್ಕ ಮುಖ್ಯ, ತಡವಾದರೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ. ಅವನ ಮನೆಯವರಿಗೆ ತಿಳಿದಿದೆಯಾ?

ಪಂಚಮಿಯವರೆಗೆ ಕಾಯುತ್ತೇನೆ. ಆಮೇಲೆ ಅಪ್ಪನಿಗೆ ಹೇಳದೆ ಬೇರೆ ದಾರಿಯಿಲ್ಲ.

ಸುಪ್ರಿಯಾ


ಹಾವೇರಿ
10 ಆಗಸ್ಟ್ 2024

ಮಮತಾ,

ಪಂಚಮಿ ನಿನ್ನೆಯೇ ಆಯಿತು. ನಿನ್ನಿಂದ ಒಂದು ಸಾಲೂ ಬರಲಿಲ್ಲ. ಇಲ್ಲಿ ಬೀದಿಗೊಂದು ಜೋಕಾಲಿ ಕಟ್ಟಿದ್ದರು. ಪಕ್ಕದ ಮನೆಯ ಅಜ್ಜಿ ನನ್ನನ್ನು ಹತ್ತಿಸಲಿಲ್ಲ, ಉಂಡಿ ಮಾತ್ರ ತಿನ್ನಿಸಿದರು.

ಹಬ್ಬವೆಂದು ಊರಿಗೆ ಫೋನ್ ಮಾಡಿದೆ. "ಮಮತಾ ಓದ್ಕಾಬೇಕಂತೆ, ಬರಲಿಲ್ಲ. ಫೋನ್ ಕಿತ್ಕಂಡಿದ್ದು ಒಳ್ಳೇದೇ ಆತು ಬಿಡು," ಎಂದ ಅಪ್ಪ. ಹಾಸ್ಟೆಲ್ಲಿಗೆ ಮಾಡಿದೆ. ಹಬ್ಬಕ್ಕೆ ಊರಿಗೆ ಹೋಗಿದ್ದಾಳೆ ಎಂದರು. ಚೈತ್ರಾಳ ಫೋನು ಆಫ್ ಆಗಿತ್ತು.

ಎಲ್ಲಿದ್ದೀಯ?

ಅಪ್ಪನಿಗೆ ಏನೂ ಹೇಳಲಿಲ್ಲ. ಹೇಳಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು "ನೀನು ಎರಡು ಜೀವ ಇದೀಯ, ಜಾಸ್ತಿ ಮಾತಾಡಿ ಆಯಾಸ ಮಾಡ್ಕಬ್ಯಾಡ" ಎಂದ. ಫೋನಿಟ್ಟೆ.

ಸಿಟ್ಟಿದ್ದರೆ ಸಿಟ್ಟನ್ನೇ ಬರೆ. ಖಾಲಿ ಇನ್‌ಲ್ಯಾಂಡ್ ಆದರೂ ಹಾಕು, ಮುದ್ರೆಯಾದರೂ ನೋಡುತ್ತೇನೆ.

ಅಕ್ಕ


ಹಾವೇರಿ
12 ಆಗಸ್ಟ್ 2024

ಮಮತೂ,

ಈ ಪತ್ರವನ್ನು ಪೂರ್ತಿ ಓದು. ಅರ್ಧಕ್ಕೆ ಹರಿಯಬೇಡ.

ಇವತ್ತು ತಪಾಸಣೆಗೆ ಹೋಗಿದ್ದೆ. ನಾವು ಬಸುರಿಯರು ಕೂತ ಬೆಂಚಿನ ಎದುರು ಬೆಂಚಿನಲ್ಲಿ ಆರೇಳು ಕಾಲೇಜು ಹುಡುಗಿಯರು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನರ್ಸ್ ಬಂದು ಒಬ್ಬೊಬ್ಬರಿಗೂ ಒಂದೊಂದು ಸ್ಟ್ರಿಪ್ ಕೊಟ್ಟರು. ಕೆಂಪು. ನನ್ನ ಕೈಯಲ್ಲಿರುವಂಥದ್ದೇ.

ನಾನು ನೋಡುತ್ತಲೇ ಇದ್ದೆ. ನನಗೆ ಏನನ್ನಿಸಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಅಷ್ಟೂ ಹುಡುಗಿಯರ ಹೊಟ್ಟೆಯ ಕಡೆ ನನ್ನ ಕಣ್ಣು ಹೋಯಿತು, ಮಮತೂ. ಅತ್ತೆಯ ಕೈ ಹೋದ ಹಾಗೆ.

ನನ್ನ ಸರದಿ ಬಂದಾಗ ನರ್ಸನ್ನು ಕೇಳಿಯೇಬಿಟ್ಟೆ. "ಅವರಿಗೂ ಬಸುರಿ ಗುಳಿಗೆ ಯಾಕೆ ಸಿಸ್ಟರ್?"

"ಬಸುರಿ ಗುಳಿಗಿ ಅಂತ ಬ್ಯಾರೆ ಐತೇನ್ರಿ?" ಎಂದು ಅವರು ಜೋರಾಗಿ ನಕ್ಕರು. "ಇದು ಕಬ್ಬಿಣಾಂಶದ ಗುಳಿಗಿ. ರಕ್ತ ಕಮ್ಮಿ ಆದೋರಿಗೆಲ್ಲ ಇದ. ನಿಮ್ಮ ಸಾಲ್ಯಾಗ ವಾರಕ್ಕೊಂದು ನೀಲಿ ಗುಳಿಗಿ ನುಂಗಸ್ತಿದ್ದಿಲ್ಲೇನು?"

"ನಮ್ಮದು ಕಾನ್ವೆಂಟು," ಎಂದೆ.

"ಹಂಗಂದ್ರ ನಿಮಗ ಇಂಗ್ಲಿಷ್ ಕೊಟ್ಟಾರ, ಗುಳಿಗಿ ಕೊಟ್ಟಿಲ್ಲ," ಎಂದರು. ಬೆಂಚಿನ ಹುಡುಗಿಯರೆಲ್ಲ ನಕ್ಕರು. ನಿನಗೆ ನೆನಪಿರಬಹುದು, ಹಿಮೋಗ್ಲೋಬಿನ್ ಎಂಬ ಪದದ ಸ್ಪೆಲ್ಲಿಂಗ್ ತಪ್ಪಿಲ್ಲದೆ ಹೇಳಿ ಶಾಲೆಯಲ್ಲಿ ಸ್ಟೀಲ್ ಡಬ್ಬಿ ಬಹುಮಾನ ಗೆದ್ದವಳು ನಾನು.

ಆಮೇಲೆ ಅವರು ಹುಡುಗಿಯರನ್ನು ಒಬ್ಬೊಬ್ಬರಾಗಿ ಕೇಳಿದರು. "ಮೆಟ್ಲು ಹತ್ತಿದ್ರ ದಮ್ಮು ಬರ್ತೈತೇನು? ಚಳಿ? ಅಕ್ಕಿ, ಮಣ್ಣು, ಬಳಪ ತಿನ್ನೂ ಚಟ ಐತೇನು? ಓದಿದ್ದು ತಲಿಗೆ ಹತ್ತೂದಿಲ್ಲೇನು?" ಒಬ್ಬಳು ಅಳತೊಡಗಿದಳು. ಮನೆಯಲ್ಲಿ ಎಲ್ಲರೂ ಅವಳನ್ನು ಸೋಮಾರಿ ಅನ್ನುತ್ತಾರಂತೆ.

ಆ ಪ್ರಶ್ನೆಗಳಿಗೆ ಉತ್ತರಗಳೆಲ್ಲ ನಿನ್ನ ಪತ್ರದಲ್ಲಿದ್ದವು.

ಕೊನೆಗೆ ನರ್ಸ್ ನನ್ನ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಕೆಳಗೆ ಎಳೆದು ನೋಡಿದರು. "ಕೆಂಪಗೈತಿ, ಚಲೋ ಅದೀರಿ." ನನಗೆ ಕೂತಲ್ಲೇ ನಮ್ಮ ಕುರಿಹಟ್ಟಿ ಕಾಣಿಸಿತು. ಬೆಳಗಾಗುತ್ತಲೇ ಅಪ್ಪ ಒಂದೊಂದೇ ಕುರಿಯನ್ನು ತೊಡೆಯ ನಡುವೆ ಹಿಡಿದು, ರೆಪ್ಪೆ ಎಳೆದು, "ಕೆಂಪು, ಕೆಂಪು, ಇದು ಬಿಳಿ, ಇದನ್ನ ಈ ಕಡೆ ನಿಲ್ಲಿಸ್ರೇ" ಎನ್ನುತ್ತಿದ್ದ. ಬಿಳಿ ಕಣ್ಣಿನವನ್ನು ಹಿಡಿದುಕೊಳ್ಳುವುದು ನಿನ್ನ ಕೆಲಸ, ಮದ್ದು ಕುಡಿಸುವ ಬಿದಿರಿನ ಗೊಟ್ಟ ತರುವುದು ನನ್ನದು. ರಕ್ತ ಕಡಿಮೆಯಾದ ಕುರಿಯೂ ಮಂದೆಯ ಜೊತೆ ತಲೆ ತಗ್ಗಿಸಿ ಮೇಯುತ್ತಲೇ ಇರುತ್ತದೆ, ದೂರದಿಂದ ಗೊತ್ತಾಗುವುದಿಲ್ಲ, ಹಿಡಿದು ನೋಡಬೇಕು ಎಂದು ಅಪ್ಪ ಹೇಳುತ್ತಿದ್ದ. ಮೂರು ಹೊತ್ತು ತಿನ್ನುತ್ತಿದ್ದೇನೆ ಎಂದು ನೀನು ಪ್ರತಿ ಸಲ ಬರೆದೆ. ನಾನು ದೂರದಿಂದ ಓದಿದೆ.

ಮದುವೆಯ ಫೋಟೋ ಮತ್ತೆ ತೆಗೆದು ನೋಡಿದೆ. ಹೂವಿನ ಬುಟ್ಟಿಗೆ ಒರಗಿದ ನಿನ್ನ ತುಟಿ, ಮಲ್ಲಿಗೆ ಎರಡೂ ಒಂದೇ ಬಣ್ಣ.

ಕನ್ನಡಿಯ ಮುಂದೆ ಹೋಗು. ರೆಪ್ಪೆ ಎಳೆದು ನೋಡು. ಏನು ಬಣ್ಣವೆಂದು ಬರೆ. ಒಂದೇ ಪದ ಸಾಕು.

ಅಕ್ಕ


ಹಿರಿಯೂರು
13 ಆಗಸ್ಟ್ 2024

ಅಕ್ಕ,

ಈ ಸಲ ಮುದ್ರೆಯೂ ಒಳಗಿನ ಊರೂ ಒಂದೇ. ಭಾವ ಪರೀಕ್ಷಿಸಬಹುದು.

ನಿನ್ನ ಜುಲೈ 31ರ ಪತ್ರಕ್ಕೆ ಉತ್ತರ ಬರೆಯಬಾರದೆಂದೇ ಇದ್ದೆ. ಹತ್ತಾರು ಸಲ ಓದಿದೆ. "ಎಷ್ಟು ತಿಂಗಳು" ಎಂದು ನೀನು ಕೇಳಿದ್ದು ನನ್ನ ಕೈಗೆ ಬಂದ ದಿನ ನನಗೆ ಸ್ರಾವ ಶುರುವಾಗಿ ಹನ್ನೊಂದನೆಯ ದಿನ. ಪ್ರತಿ ತಿಂಗಳೂ ಹೀಗೇ, ಹತ್ತು ದಿನ, ಹನ್ನೊಂದು ದಿನ. ಪಿಯುಸಿಯಿಂದ. ಒಂದೇ ಕಪಾಟು ಹಂಚಿಕೊಂಡಿದ್ದೆವು, ನಿನಗೆ ಗೊತ್ತಿತ್ತು. "ಕೆಲವರಿಗೆ ಹಾಗೇ ಕಣೇ" ಎಂದಿದ್ದೆ. ನಾನೂ ನಂಬಿದ್ದೆ.

ಜುಲೈ ಹತ್ತಕ್ಕೆ ಕಾಲೇಜಿನಲ್ಲಿ ಆರೋಗ್ಯ ಶಿಬಿರ ಇತ್ತು. ಬೆರಳು ಚುಚ್ಚಿ ನೋಡಿ ನನ್ನನ್ನು ಪಕ್ಕಕ್ಕೆ ಕೂರಿಸಿದರು. ಹಿಮೋಗ್ಲೋಬಿನ್ ಹನ್ನೆರಡು ಇರಬೇಕಾದದ್ದು ನನಗೆ ಏಳೂ ಇರಲಿಲ್ಲ. ದೊಡ್ಡ ಆಸ್ಪತ್ರೆಗೆ ತೋರಿಸು, ಅಲ್ಲಿಯವರೆಗೆ ಇದು ತಪ್ಪಿಸಬೇಡ ಎಂದು ಆ ಕೆಂಪು ಗುಳಿಗೆ ಕೊಟ್ಟರು. ಮೂರು ದಿನ ನುಂಗಿದೆ. ನಾಲ್ಕನೆಯ ದಿನ ಅತ್ತೆ ಬಂದಳು. ಅವಳು ಹೋದ ಮೇಲೆ ಅಷ್ಟನ್ನೂ ಪಾಯಿಖಾನೆಗೆ ಸುರಿದು ನೀರು ಹಾಕಿದೆ. ಚೈತ್ರಾಳ ಗುಳಿಗೆ ಎಂದು ನಿನಗೆ ಬರೆದದ್ದು ಸುಳ್ಳು.

ಆ ದಿನ ರೂಮಿನ ಕನ್ನಡಿಯಲ್ಲಿ, ಅಪ್ಪ ಕುರಿಗೆ ಮಾಡುವ ಹಾಗೆ, ರೆಪ್ಪೆ ಎಳೆದು ನೋಡಿಕೊಂಡೆ. ಬಿಳಿ. ಈ ಇನ್‌ಲ್ಯಾಂಡಿನಲ್ಲಿ ಬರೆಯದೆ ಉಳಿದ ಜಾಗಕ್ಕಿಂತ ಬಿಳಿ.

ಇಪ್ಪತ್ತಮೂರಕ್ಕೆ ಲ್ಯಾಬಿನಲ್ಲಿ ಬಿದ್ದೆ. ಬೀಕರ್ ಒಡೆಯಿತು, ಕೈಗೆ ನಾಲ್ಕು ಹೊಲಿಗೆ. ತಿಮ್ಮೇಶನ ತಾಯಿ ಹಿರಿಯೂರಿನ ಆಸ್ಪತ್ರೆಯಲ್ಲಿ ನರ್ಸ್. ಅವನು ಅಲ್ಲಿಂದಲೇ ಅವರಿಗೆ ಫೋನ್ ಮಾಡಿದ. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಅತ್ತೆಯ ಬೀದಿಯವರು ಯಾರಾದರೂ ಸಾಲಿನಲ್ಲಿ ಇದ್ದೇ ಇರುತ್ತಾರೆ, ಅದಕ್ಕೇ ಹಿರಿಯೂರು. ಆ ವಾರದ ಶುಕ್ರವಾರ ಚೈತ್ರಾಳ ಜೊತೆ ಬಂದು ತೋರಿಸಿದೆ. ನಿನ್ನ ಪತ್ರಕ್ಕೆ ಉತ್ತರವನ್ನು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಬರೆದು ಅಲ್ಲಿಯ ಡಬ್ಬಿಗೇ ಹಾಕಿದೆ. ಅಂಚೆಯವರನ್ನು ಮದುವೆಯಾದ ಅಕ್ಕನಿಗೆ ಸುಳ್ಳು ಬರೆಯುವವಳು ಅಷ್ಟಾದರೂ ಯೋಚಿಸಬೇಕಿತ್ತು.

ಪಂಚಮಿಯ ದಿನ ಕಬ್ಬಿಣಾಂಶದ ಮೊದಲ ಇಂಜೆಕ್ಷನ್, ಡ್ರಿಪ್ಪಿನಲ್ಲಿ. ಇವತ್ತು ಎರಡನೆಯದು, ಸಂಜೆ ಹಾಸ್ಟೆಲ್ಲಿಗೆ ಹಿಂತಿರುಗುತ್ತೇವೆ. ಚೈತ್ರಾ ನನ್ನ ಕಾಲು ಒತ್ತುತ್ತಾ ಕೂತಿದ್ದಾಳೆ. ನೀನು ಫೋನ್ ಮಾಡಿದಾಗೆಲ್ಲ ನಾನು ಎದ್ದೇಳಲಾಗದೆ ಮಲಗಿರುತ್ತಿದ್ದೆ, ಬೇರೇನು ಹೇಳಬೇಕೆಂದು ತಿಳಿಯದೆ ಅವಳು ಸ್ನಾನ ಮಾಡಿಸಿದಳು. "ಅಕ್ಕನಿಗೆ ಬರಿ, ನಾನು ಇನ್ಮೇಲೆ ತಲೆ ಬಾಚ್ಕಂತಿದಾಳೆ ಅಂತೀನಿ," ಎನ್ನುತ್ತಿದ್ದಾಳೆ.

ಅಪ್ಪ ಫೋನನ್ನು ಅನುಮಾನಿಸಿದ. ಅತ್ತೆ ಹೊಟ್ಟೆಯನ್ನು. ನೀನು ತಿಮ್ಮೇಶನನ್ನು. ನಾನು ನನ್ನ ತಲೆಯನ್ನೇ ಅನುಮಾನಿಸಿದೆ. ಒಂದೇ ಸಾಲನ್ನು ಐದು ಸಲ ಓದಿದರೂ ಒಳಗೆ ಇಳಿಯದಿದ್ದಾಗ, ನಾನು ದಡ್ಡಿ, ಊರಿಗೇ ಹೋಗಬೇಕಾದವಳು ಎಂದುಕೊಳ್ಳುತ್ತಿದ್ದೆ. ಕೆಲವು ದಿನ ಅದಕ್ಕಿಂತ ಕೆಟ್ಟದ್ದೂ ಅಂದುಕೊಂಡಿದ್ದೇನೆ. ಈಗಿಲ್ಲ. ಆದರೆ ಅಂದುಕೊಂಡಿದ್ದೆ ಎಂದು ನಿನಗೆ ಗೊತ್ತಿರಲಿ.

ಡಾಕ್ಟರ್ ಒಂದು ಮಾತು ಹೇಳಿದ್ದಾರೆ. ಇಷ್ಟು ಸ್ರಾವ ಯಾಕೆಂದು ಸ್ಕ್ಯಾನ್ ಮಾಡಿ ನೋಡಬೇಕು, ಇಲ್ಲದಿದ್ದರೆ ಕೂಡಿದ ರಕ್ತವೆಲ್ಲ ಸೋರಿಹೋಗುತ್ತದೆ. ಮುಂದಿನ ಸೋಮವಾರ, 19ಕ್ಕೆ, ಮನೆಯ ದೊಡ್ಡವರೊಬ್ಬರು ಜೊತೆಗೆ ಬರಲಿ ಎಂದರು. ಚೈತ್ರಾ ತಾನೇ ನನ್ನ ಅಕ್ಕ ಎಂದು ಹೇಳುತ್ತಾಳಂತೆ. ಅವಳು ನನಗಿಂತ ನಾಲ್ಕು ತಿಂಗಳು ಚಿಕ್ಕವಳು.

ಅಪ್ಪನಿಗೆ ಹೇಳಬೇಡ. ಟ್ರಂಕು ಬಸ್ಸಿಗೆ ಹಾಕುತ್ತಾನೆ.

ಮಮತಾ


ಹಾವೇರಿ
16 ಆಗಸ್ಟ್ 2024

ಮಮತೂ,

ನಿನ್ನ ಪತ್ರ ಇವತ್ತು ಬೆಳಿಗ್ಗೆ ಬಂತು, ನನ್ನ ಹನ್ನೆರಡರ ಪತ್ರ ಕೈ ಸೇರುವ ಮೊದಲೇ ನೀನು ಬರೆದದ್ದು. ಇವರು ಮುದ್ರೆ ನೋಡಲಿಲ್ಲ, ನನ್ನ ಮುಖ ನೋಡಿದರು.

ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಎದುರಿಗೆ ಕೂತು ಹೇಳಬೇಕಾದ ಮಾತನ್ನು ಇನ್‌ಲ್ಯಾಂಡಿನಲ್ಲಿ ಹೇಳಿ ತಪ್ಪಿಸಿಕೊಳ್ಳುವುದಿಲ್ಲ. ಆ ಕೆಟ್ಟ ದಿನಗಳಲ್ಲಿ ಏನಂದುಕೊಂಡೆ ಎಂಬುದನ್ನೂ ನೀನು ಎದುರಿಗೇ ಹೇಳು. ನಾನು ನಡುವೆ ಬಾಯಿ ಹಾಕುವುದಿಲ್ಲ.

ನೀನು ಬೇಡವೆಂದದ್ದನ್ನು ಒಂದು ಮಾಡಿದೆ. ಅಪ್ಪನಿಗೆ ಹೇಳಿದೆ. ಗುಳಿಗೆಯಿಂದ ಹಿಡಿದು ಹಿರಿಯೂರಿನವರೆಗೆ ಎಲ್ಲ. ಹನ್ನೊಂದು ದಿನದ ಮಾತನ್ನೂ ಹೇಳಿದೆ. ಅಪ್ಪನ ಹತ್ತಿರ ಅಂಥ ಮಾತನ್ನು ನಾವು ಯಾವತ್ತೂ ಆಡಿದವರಲ್ಲ. ಆ ಕಡೆಯಿಂದ ಕುರಿಗಳ ಸದ್ದು ಕೇಳಿಸುತ್ತಿತ್ತು.

ಆಮೇಲೆ ಕೇಳಿದ, "ಕಣ್ಣು ನೋಡಿದ್ರಾ?"

"ಅವಳೇ ನೋಡಿಕೊಂಡಿದಾಳೆ ಅಪ್ಪ. ಬಿಳಿ."

"ದಿನಾ ಇನ್ನೂರು ಕಣ್ಣು ನೋಡ್ತೀನಿ ನಾನು," ಎಂದ.

ಕಾಲೇಜು ಬಿಡಿಸುತ್ತೀಯಾ ಎಂದು ಕೇಳಿದೆ. ಅವನಿಗೆ ಸಿಟ್ಟು ಬಂತು. "ಲೇ, ಕಣ್ಣು ಬೆಳ್ಳಗಾತು ಅಂತ ಕುರೀನ ಮಂದೆಯಿಂದ ಹೊರಗೆ ಹಾಕಿದ್ದು ಯಾವತ್ತಾರ ನೋಡಿದೀಯೇನೇ? ಮದ್ದು ಹಾಕಿ ಮಂದೆಗೇ ಬಿಡ್ತೀವಿ. ಹಾಸ್ಟೆಲ್ನಾಗೇ ಇರ್ಲಿ. ಓದ್ಲಿ." ಫೋನ್ ಇಡುವ ಮೊದಲು ಟ್ರಂಕಿನ ಬೀಗದ ಕೈ ಎಲ್ಲಿಟ್ಟೆ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದ.

ನಿಂಗಕ್ಕ ಅತ್ತೆಗೂ ಫೋನ್ ಮಾಡಿದೆ. ಮೊದಲು ಅವಳೇ ಮಾತಾಡಿದಳು. ಆಮೇಲೆ ನಾನು ಮಾತಾಡಿದೆ. ಕೊನೆಗೆ "ಅಲ್ಲ ಕಣವ್ವ, ನನ್ನ ಸೊಸೆ ಗುಳಿಗೆ ನೋಡಿ ನಾನು ಹಂಗಂದ್ಕಂಡೆ, ನನಗೇನು ಗೊತ್ತು," ಎಂದಳು. ನನ್ನ ಕೈಯಲ್ಲೂ ಅದೇ ಗುಳಿಗೆ ಇತ್ತು, ಅತ್ತೆಗಿಂತ ನಾನೇನೂ ಮೇಲಲ್ಲ. ಸೋಮವಾರ ಬೆಳಿಗ್ಗೆ ರೊಟ್ಟಿ, ಬೆಲ್ಲ, ಹುರಿದ ಕಡಲೆ ಕಟ್ಟಿ ಬಸ್ ಸ್ಟ್ಯಾಂಡಿಗೆ ತರುತ್ತಾಳಂತೆ. ಕೈ ಮಾತ್ರ ತನ್ನ ಹತ್ತಿರವೇ ಇಟ್ಟುಕೊಳ್ಳಬೇಕೆಂದು ಹೇಳಿದ್ದೇನೆ.

ಡಾಕ್ಟರ್ ಮನೆಯ ದೊಡ್ಡವರೊಬ್ಬರು ಎಂದರಲ್ಲ, ಇಬ್ಬರು ಬರುತ್ತೇವೆ. ಅಪ್ಪ ಭಾನುವಾರ ಸಂಜೆ ಹೊಸದುರ್ಗದ ಬಸ್ಸಿಗೆ ಬರುತ್ತಾನೆ. ಸೋಮವಾರ ಮೊದಲ ಬಸ್ಸಿಗೆ ಎಲ್ಲರೂ ಹಿರಿಯೂರಿಗೆ. ಚೈತ್ರಾಗೆ ಆ ದಿನ ರಜೆ, ಅಕ್ಕನ ಕೆಲಸ ನನಗೆ ಬಿಟ್ಟುಕೊಡಲಿ. ತಿಮ್ಮೇಶನ ತಾಯಿಗೆ ಕೊಡಲು ಹಾವೇರಿಯ ಏಲಕ್ಕಿ ಹಾರ ತೆಗೆದಿಟ್ಟಿದ್ದೇನೆ. ತಿಮ್ಮೇಶನ ಬಗ್ಗೆ ನಾನು ಏನೂ ಕೇಳುವುದಿಲ್ಲ. ನೀನಾಗಿ ಹೇಳಿದರೆ ಕೇಳಿಸಿಕೊಳ್ಳುತ್ತೇನೆ.

ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕಲು ಇವರು ಬಾಗಿಲಲ್ಲಿ ನಿಂತಿದ್ದಾರೆ. ನನ್ನ ಡಾಕ್ಟರ್ ಪ್ರಯಾಣಕ್ಕೆ ಅಡ್ಡಿಯಿಲ್ಲ ಎಂದಿದ್ದಾರೆ, ಬಸ್ಸಿನ ಕುಲುಕಾಟಕ್ಕಿಂತ ರೈಲು ವಾಸಿಯಂತೆ. ನೀನು ಸ್ಟೇಷನ್ನಿಗೆ ಬರಬೇಡ, ಅಲ್ಲಿಯ ಮೆಟ್ಟಿಲು ಹತ್ತಬೇಡ. ಹಾಸ್ಟೆಲ್ಲಿನ ಗೇಟಿನ ಹತ್ತಿರ ನೆರಳಿನಲ್ಲಿ ಕೂತಿರು. ನಾನು ಬಂದ ಕೂಡಲೇ ಮೊದಲು ನಿನ್ನ ಕಣ್ಣು ನೋಡುತ್ತೇನೆ.

ಭಾನುವಾರ, ಆಗಸ್ಟ್ ಹದಿನೆಂಟು. ಹುಬ್ಬಳ್ಳಿ–ಚಿತ್ರದುರ್ಗ ಎಕ್ಸ್‌ಪ್ರೆಸ್.

ಅಕ್ಕ